ಉಳವಿಗೆ ಹೋಗದ ಸೈಕಲ್ಲು

ದಸರಾ ರಜೆಯಲ್ಲಿ ಒಬ್ಬಳೇ ಸೈಕಲ್ ತುಳಿದುಕೊಂಡು ಕಾರವಾರಕ್ಕೆ ಹೋಗುತ್ತೇನೆ ಎಂದು ದಿವ್ಯಾ ಹೇಳಿದಾಗ ಗಂಡ ಮಲ್ಲೇಶ್ ಮತ್ತು ಮಾವ ಜಂಬಣ್ಣ ಊಟಕ್ಕೆ ಕುಳಿತಿದ್ದರು. ಹುರುಳಿಕಾಳಿನ ಸಾರು ಬಡಿಸುತ್ತಿದ್ದ ಅತ್ತೆ ಕೊಟ್ರಮ್ಮನ ಸೌಟು ಹಾಗೇ ನಿಂತಿತು.

"ಕಾರವಾರ ಅಂದ್ರೆ?"

"ಸಮುದ್ರ ಐತಲ್ಲ ಅತ್ತೆ, ಆ ಕಾರವಾರ. ನಾನೂರು ಕಿಲೋಮೀಟರ್ ಆಗ್ತೈತೆ. ಐದು ದಿನದ ದಾರಿ. ಬರುವಾಗ ಬಸ್ಸಿಗೆ ಬರ್ತೀನಿ."

"ಮಲ್ಲೇಶ ಬರ್ತಾನಾ?"

"ಇವ್ರಾ? ಬಸ್ ಸ್ಟ್ಯಾಂಡ್ ತನಕ ಸೈಕಲ್ ಹೊಡೆದ್ರೆ ಎರಡು ದಿನ ಸೊಂಟ ಹಿಡ್ಕಂಡು ಕುಂತ್ಕಂತಾರೆ."

ಜಂಬಣ್ಣ ನಕ್ಕ. ಕೊಟ್ರಮ್ಮ ಅವನ ಕಡೆ ನೋಡಿದಳು. ಅವನು ನಗುವುದನ್ನು ಬಿಟ್ಟು ಮುದ್ದೆ ಮುರಿದ.

ದಿವ್ಯಾ ಹಿರಿಯೂರಿನ ಹುಡುಗಿ. ದುರ್ಗದಲ್ಲಿ ಓದುವಾಗ ಜಿಲ್ಲಾ ಮಟ್ಟದ ಸೈಕಲ್ ರೇಸಿನಲ್ಲಿ ಎರಡು ಸಲ ಬಹುಮಾನ ತೆಗೆದುಕೊಂಡವಳು. ಹೊಸದುರ್ಗಕ್ಕೆ ಮದುವೆಯಾಗಿ ಬಂದು ಐದು ವರ್ಷವಾಗಿತ್ತು. ಮಕ್ಕಳಿನ್ನೂ ಆಗಿರಲಿಲ್ಲ. ಒಂದು ಖಾಸಗಿ ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ. ಎರಡು ವರ್ಷದ ಹಿಂದೆ ದುರ್ಗದಿಂದ ಒಂದು ಹಳೆಯ ಗೇರ್ ಸೈಕಲ್ ತಂದಿದ್ದಳು. ದಿನಾ ಬೆಳಿಗ್ಗೆ ತೆಂಗಿನ ತೋಟಗಳ ನಡುವಿನ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗಿ ಬಂದು, ರೊಟ್ಟಿ ತಟ್ಟಿ, ಆಮೇಲೆ ಶಾಲೆಗೆ ಹೋಗುತ್ತಿದ್ದಳು. ಅಷ್ಟಕ್ಕೆ ಬೀದಿ ಒಗ್ಗಿಕೊಂಡಿತ್ತು.

"ಬೆಳಿಗ್ಗೆ ಹೋಗ್ತೀಯ, ಬರ್ತೀಯ. ನಾನೇನಾದ್ರೂ ಅಂದೀನಾ?" ಕೊಟ್ರಮ್ಮ ಕೇಳಿದಳು. "ಊರೂರಲ್ಲಿ ರಾತ್ರಿ ತಂಗೋದು ಅಂದ್ರೆ ಏನವ್ವ? ಕೇಳಿದೋರಿಗೆ ಏನ್ ಹೇಳ್ಲಿ?"

"ಸೊಸೆ ಸಮುದ್ರ ನೋಡಾಕೆ ಹೋಗ್ಯಾಳೆ ಅನ್ರಿ."

"ಸಮುದ್ರ ನೋಡಾಕೆ ಗಂಡನ್ನ ಬಿಟ್ಟು ಹೋಗ್ಯಾಳೆ ಅನ್ಲಾ?"

"ಹೋಗ್ಲಿ ಬಿಡವ್ವ," ಎಂದ ಮಲ್ಲೇಶ್. "ತಂಗೋ ಜಾಗ ಎಲ್ಲಾ ಮೊದಲೇ ಹೇಳಿಟ್ಟೀವಿ. ಹಾವೇರೀಲಿ ಅವಳ ಜೊತೆ ಓದಿದೋರ ಮನೆ ಐತೆ."

"ನೀನು ಹೂಂ ಅಂದಾಗೈತೆ ಅನ್ನು. ಮತ್ತೆ ನನ್ನ ಯಾಕ್ ಕೇಳ್ತೀರಿ?"

ಯಾರೂ ಅವಳನ್ನು ಕೇಳಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಮನೆಯ ಮುಂದಿನ ಕೋಣೆಯೇ ಹಿಟ್ಟಿನ ಗಿರಣಿ. ಮಲ್ಲೇಶ್ ಗಿರಣಿ ನಡೆಸುತ್ತಿದ್ದ, ಜಂಬಣ್ಣ ತಕ್ಕಡಿಯ ಪಕ್ಕ ಕುಳಿತು ತೂಕ ನೋಡುತ್ತಿದ್ದ. ರಾಗಿ, ಜೋಳ, ಮೆಣಸಿನಕಾಯಿ ಹೊತ್ತು ತಂದ ಹೆಂಗಸರು ಸರದಿ ಬರುವವರೆಗೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಮೂರು ದಿನದ ನಂತರ ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತು. ಆ ಸದ್ದಿಲ್ಲದ ಹೊತ್ತಿನಲ್ಲಿ ಹಿಂದಿನ ಸಾಲಿನ ಮನೆಯ ನಿಂಗಕ್ಕ ಕೇಳಿದಳು:

"ಏನ್ ಕೊಟ್ರಕ್ಕ, ಸೊಸೆ ಸೈಕಲ್ ಮೇಲೆ ಊರು ಬಿಟ್ಟು ಹೋಗ್ತಾಳಂತೆ. ಮನೇಲಿ ಏನಾರ ಮಾತು ಬಂತಾ?"

ಕಟ್ಟೆಯ ಮೇಲೆ ನಾಲ್ಕು ಜನ ಇದ್ದರು. ಎಲ್ಲರ ಮುಖವೂ ಕೊಟ್ರಮ್ಮನ ಕಡೆ ತಿರುಗಿತು.

"ಮಾತ್ಯಾಕೆ ಬರ್ತೈತೆ? ಹರಕೆ ಐತೆ. ಉಳವಿ ಸ್ವಾಮಿಗೆ ಹೋಗ್ತಾಳೆ," ಎಂದುಬಿಟ್ಟಳು ಕೊಟ್ರಮ್ಮ.

"ಸೈಕಲ್ ಮೇಲಾ?"

"ಹಂಗೇ ಹೊತ್ಕಂಡಿದ್ಲು. ಹಿಂದಿನೋರು ಗಾಡಿ ಕಟ್ಕಂಡು ಹೋಗ್ತಿರ್ಲಿಲ್ಲೇನು?"

"ಮಗೂಗಾ, ಅಕ್ಕ?" ಎಂದು ಮೆಲ್ಲಗೆ ಕೇಳಿದವಳು ಪಕ್ಕದ ಮನೆಯ ಪುಟ್ಟಕ್ಕ.

ಕೊಟ್ರಮ್ಮ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸೆರಗು ಸರಿಮಾಡಿಕೊಂಡಳು. ಅಷ್ಟು ಸಾಕಾಯಿತು. ನಿಂಗಕ್ಕ ಎರಡೂ ಕೈ ಹಣೆಗೆ ಮುಟ್ಟಿಸಿಕೊಂಡು, "ಎಂಥಾ ಸೊಸೆ ಸಿಕ್ಕಳು ನಿನಗೆ" ಎಂದಳು. ಇಷ್ಟು ದಿನದಲ್ಲಿ ದಿವ್ಯಾಳ ಬಗ್ಗೆ ಆ ಮಾತನ್ನು ಯಾರೂ ಆಡಿರಲಿಲ್ಲ. ಕೊಟ್ರಮ್ಮನಿಗೆ ಹೆದರಿಕೆಯೂ ಆಯಿತು, ಹಿತವೂ ಆಯಿತು.

ತೂಕದ ಕಲ್ಲು ಕೈಯಲ್ಲಿ ಹಿಡಿದಿದ್ದ ಜಂಬಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಒಳಗೆ ಬಂದಾಗ, "ಇದೇನೇ?" ಎಂದ.

"ನೀವು ಸುಮ್ನಿರ್ರಿ. ಹೋಗಿ ಬರೋತಂಕ ಒಂದ್ ಮಾತು."

ಅದು ಒಂದು ಮಾತಿಗೆ ನಿಲ್ಲಲಿಲ್ಲ. ಯಾರಾದರೂ ಹರಕೆ ಹೊತ್ತು ದೂರದ ದೇವರಿಗೆ ಹೊರಟರೆ ಅವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಆ ಬೀದಿಯಲ್ಲಿರಲಿಲ್ಲ. ತಾವು ಹೋಗಲಾಗದವರು ತಮ್ಮ ಕಾಣಿಕೆಯನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ನಮ್ಮದೂ ಮುಟ್ಟಿಸಿ ಬಾ ಎಂದು ಕೊಡುತ್ತಿದ್ದರು. ಮುಡುಪು ಹಿಡಿದು ಮೊದಲು ಬಂದವಳು ನಿಂಗಕ್ಕ. ದಿವ್ಯಾ ಶಾಲೆಯಲ್ಲಿದ್ದಳು. "ನನ್ ಕೈಗೇ ಕೊಡು, ದೇವರ ಜಗಲಿ ಮೇಲಿಟ್ಟು ಪೂಜೆ ಮಾಡಿ ಕಳಿಸ್ತೀನಿ," ಎಂದು ಕೊಟ್ರಮ್ಮ ಇಸಿದುಕೊಂಡಳು. ಬೇಡ ಅನ್ನಬೇಕಾದರೆ ಮೊದಲಿನ ಮಾತನ್ನೂ ವಾಪಸು ತೆಗೆದುಕೊಳ್ಳಬೇಕಿತ್ತು. ಶನಿವಾರದ ಹೊತ್ತಿಗೆ ಐದು ಗಂಟುಗಳಾದವು; ದಿವ್ಯಾಳ ಕಣ್ಣಿಗೆ ಬೀಳದಂತೆ ಜಗಲಿಯ ದೇವರ ಪಟದ ಹಿಂದೆ ಸೇರಿದವು.

ಐದನೆಯದು ಪುಟ್ಟಕ್ಕನದು. ಅವಳ ಮಗಳು ಅನುಷಾಳನ್ನು ಧರ್ಮಪುರಕ್ಕೆ ಕೊಟ್ಟಿದ್ದರು. ಅನುಷಾಳ ಮಗಳು ಸಹನಾಗೆ ನಾಲ್ಕು ತುಂಬಿದರೂ ಮಾತು ಬಂದಿರಲಿಲ್ಲ. ಗುರುವಾರ ಗುರುವಾರ ದುರ್ಗದ ಆಸ್ಪತ್ರೆಯಲ್ಲಿ ಮಾತು ಕಲಿಸುತ್ತಾರೆಂದು ಮಗುವನ್ನು ಇಲ್ಲೇ ಬಿಟ್ಟಿದ್ದರು. ಆರು ತಿಂಗಳಿಂದ ಪುಟ್ಟಕ್ಕ ಒಂದು ವಾರವೂ ತಪ್ಪಿಸದೆ ಹೊಳಲ್ಕೆರೆ ಮೇಲಿನ ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಿ ಬರುತ್ತಿದ್ದಳು.

"ಅಕ್ಕಸಾಲಿ ಹತ್ರ ಮಾಡಿಸ್ದೆ ಅಕ್ಕ," ಎಂದು ಪುಟ್ಟಕ್ಕ ಗಂಟು ಬಿಚ್ಚಿ ತೋರಿಸಿದಳು. ಉಗುರಿನಷ್ಟು ಅಗಲದ ಬೆಳ್ಳಿ ನಾಲಿಗೆ. "ದಿವ್ಯಾಗೆ ಹೇಳು, ಸ್ವಾಮಿ ಮುಂದೆ ಮಗು ಹೆಸರು ಗಟ್ಟಿಯಾಗಿ ಹೇಳ್ಬೇಕು ಅಂತ."

"ಹೇಳ್ತೀನಿ."

ಕೊಟ್ರಮ್ಮ ಹೇಳಲಿಲ್ಲ. ಹೇಳಿದರೆ ದಿವ್ಯಾ ಐದು ಗಂಟುಗಳನ್ನೂ ಅವತ್ತೇ ಅವರವರ ಮನೆಗೆ ಕೊಟ್ಟು ಬರುತ್ತಿದ್ದಳು. ಅವಳು ಅರ್ಧ ದಾರಿಗೆ ಹೋಗಲಿ, ಆಮೇಲೆ ಫೋನಿನಲ್ಲಿ ನಯವಾಗಿ ಹೇಳಿ ಮಲ್ಲೇಶನ ಕೈಯಲ್ಲಿ ಗಂಟು ಕಳಿಸಿದರಾಯಿತು ಎಂದುಕೊಂಡಳು.

ಹೊರಡುವ ದಿನ ಬೆಳಿಗ್ಗೆ ಆರಕ್ಕೇ ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ನಿಂಗಕ್ಕ ಸೈಕಲ್ಲಿಗೆ ಕುಂಕುಮ ಇಟ್ಟಳು. ಪುಟ್ಟಕ್ಕ ನಿಂಬೆಹಣ್ಣು ತಂದು ಚಕ್ರದ ಕೆಳಗಿಟ್ಟಳು. ದಿವ್ಯಾ ಕಣ್ಣು ಒರೆಸಿಕೊಂಡು ಗಂಡನ ಕಡೆ ತಿರುಗಿ, "ನಾನು ಇವರನ್ನೆಲ್ಲ ಎಷ್ಟು ತಪ್ಪು ತಿಳ್ಕಂಡಿದ್ದೆ ನೋಡ್ರಿ," ಎಂದಳು. ಮಲ್ಲೇಶ್‌ಗೆ ಹಿಂದಿನ ದಿನವೇ ಅಪ್ಪನಿಂದ ವಿಷಯ ತಿಳಿದಿತ್ತು. ಅವನು ಬಗ್ಗಿ ಟೈರಿನ ಗಾಳಿ ಒತ್ತಿ ನೋಡಿದ.

ಮೊದಲ ದಿನ ಹೊಳಲ್ಕೆರೆ ದಾಟಿ ದಾವಣಗೆರೆ. ಎರಡನೆಯ ದಿನ ಹಾವೇರಿ. ಹರಿಹರದ ಸೇತುವೆಯ ಮೇಲೆ ಎದುರುಗಾಳಿಗೆ ಸೈಕಲ್ ಅಲುಗಾಡಿತು. ಒಬ್ಬ ಲಾರಿಯವನು ಪಕ್ಕಕ್ಕೆ ಬಂದು, "ಎಲ್ಲಿಗವ್ವ ಒಬ್ಬಾಕಿ?" ಎಂದು ಕೇಳಿದ. ಕಾರವಾರ ಎಂದಾಗ ಎರಡು ಬಾಳೆಹಣ್ಣು ಕೊಟ್ಟು ಮುಂದೆ ಹೋದ. ಮೂರನೆಯ ದಿನ ಸಂಜೆ ಹುಬ್ಬಳ್ಳಿಯ ವಸತಿಗೃಹದಲ್ಲಿ ದಿವ್ಯಾ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಮಲ್ಲೇಶ್ ಫೋನ್ ಮಾಡಿದ. ಅದೂ ಇದೂ ಕೇಳಿದ. ಆಮೇಲೆ ಹೇಳಿದ.

ದಿವ್ಯಾ ಎಣ್ಣೆಯ ಕೈ ಒರೆಸಿಕೊಂಡು ಎದ್ದು ನಿಂತಳು.

"ನಾನು ಮಗೂಗೆ ಹರಕೆ ಹೊತ್ತೀನಿ ಅಂತ ಹೇಳಿದ್ರಾ?"

"ಅವ್ವ ಹಂಗಂತ ಬಾಯಿಬಿಟ್ಟು ಹೇಳಿಲ್ಲ."

"ಕುಂಕುಮ ಇಟ್ಟಿದ್ದು ಅದಕ್ಕಾ?"

"ದಿವ್ಯಾ, ಕೇಳಿಲ್ಲಿ. ನಾಳೆ ಯಲ್ಲಾಪುರಕ್ಕೆ ಹೋಗ್ತೀಯಲ್ಲ? ಅಲ್ಲೇ ಇರು. ನಾನು ಮುಡುಪು ತಗಂಡು ಬಸ್ಸಿಗೆ ಬರ್ತೀನಿ. ಇಬ್ರೂ ಉಳವಿಗೆ ಹೋಗಾಣ. ಒಂದ್ ದಿನದ ಮಾತು. ಅವ್ವನ ಮಾನ ಉಳೀತೈತೆ."

"ನನ್ ಸೈಕಲ್?"

"ಬಸ್ಸಿನ ಮೇಲೆ ಹಾಕ್ಸಾಣ."

"ನೀವು ನಿನ್ನೆ ಮೊನ್ನೆ ತಿಳ್ಕಂಡಿದ್ದಲ್ಲ ಇದು. ಗಾಳಿ ನೋಡ್ತಾ ಬಗ್ಗಿದ್ರಲ್ಲ, ಆವಾಗ್ಲೇ ಗೊತ್ತಿತ್ತು."

ಮಲ್ಲೇಶ್ ಬಸ್ಸಿನ ಹೊತ್ತು ಹೇಳತೊಡಗಿದ.

"ನಾನು ಹರಕೆ ಹೊತ್ತಿಲ್ಲ. ಹೊತ್ತೋರು ಹೋಗ್ರಿ," ಎಂದು ದಿವ್ಯಾ ಫೋನ್ ಇಟ್ಟಳು.

ಯಲ್ಲಾಪುರದಲ್ಲಿ ಉಳವಿಗೆ ಹೋಗುವ ದಾರಿ ಯಾವುದೆಂದು ಹೋಟೆಲಿನವನನ್ನು ಕೇಳಿದಳು. ಅವನು ಕೈತೋರಿಸಿದ. ಅವಳು ಇನ್ನೊಂದು ದಾರಿ ಹಿಡಿದಳು. ಐದನೆಯ ದಿನ ಮಧ್ಯಾಹ್ನ ಕಾರವಾರದಲ್ಲಿ ಸೈಕಲ್ಲನ್ನು ಮರಳಿನಲ್ಲಿ ತಳ್ಳಿಕೊಂಡು ನೀರಿನವರೆಗೂ ಹೋಗಿ ನಿಂತಳು. ನಾನೂರ ಹತ್ತು ಕಿಲೋಮೀಟರ್ ತುಳಿದು ಬಂದಿದ್ದೆಲ್ಲ ಈ ಗಳಿಗೆಗಾಗಿ. ಪಕ್ಕದವರ ಕೈಯಲ್ಲಿ ಒಂದು ಫೋಟೋ ತೆಗೆಸಿಕೊಂಡಳು. ಯಾರಿಗೂ ಕಳಿಸಲಿಲ್ಲ.

ಇತ್ತ ಕೊಟ್ರಮ್ಮನಿಗೆ ಊಟ ಸೇರುತ್ತಿರಲಿಲ್ಲ. ಹೋದವಳು ಪ್ರಸಾದವಿಲ್ಲದೆ ಬರುತ್ತಾಳೆ. ಐದು ಮನೆಯವರು ಕೈ ಚಾಚುತ್ತಾರೆ. ಕೊನೆಗೆ ಗಂಡನನ್ನು ಕರೆದು, "ಬಸ್ ಸ್ಟ್ಯಾಂಡ್ ಹತ್ರ ಪೂಜೆ ಸಾಮಾನಿನ ಅಂಗಡೀಲಿ ವಿಭೂತಿ ಪೊಟ್ಟಣ ತಗಂಬರ್ರಿ. ಐದು," ಎಂದಳು.

"ನಾನ್ ತರಲ್ಲ."

"ಹಂಗಾರೆ ನೀವೇ ಹೋಗಿ ಹೇಳ್ರಿ, ನನ್ ಹೆಂಡ್ತಿ ಸುಳ್ಳಿ ಅಂತ."

ಜಂಬಣ್ಣ ಹೋಗಿ ತಂದ. ತಂದವನು ಪೊಟ್ಟಣಗಳನ್ನು ಅವಳ ಕೈಗೆ ಕೊಡದೆ ಮುಖ ತಿರುಗಿಸಿಕೊಂಡು ಹಿಟ್ಟಿನ ಡಬ್ಬಿಯ ಮೇಲಿಟ್ಟ.

ದಿವ್ಯಾ ಬಸ್ಸಿಳಿದು ಸೈಕಲ್ ತಳ್ಳಿಕೊಂಡು ಬೀದಿಗೆ ಬಂದಾಗ ಆರತಿ ತಟ್ಟೆ ಸಿದ್ಧವಾಗಿತ್ತು. ದಾರಿಯುದ್ದಕ್ಕೂ ಅವಳು ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಬಂದಿದ್ದಳು. ಆದರೆ ನಿಂಗಕ್ಕ ಅವಳ ಕಾಲಿಗೆ ನೀರು ಹಾಕಿದಳು. ಅವಳಿಗಿಂತ ಇಪ್ಪತ್ತೈದು ವರ್ಷ ದೊಡ್ಡವಳಾದ ಆ ಹೆಂಗಸು ಬಗ್ಗಿ ಕಾಲು ಮುಟ್ಟಲು ಬಂದಳು. ಪುಟ್ಟಕ್ಕ ಮಗುವನ್ನು ಎತ್ತಿಕೊಂಡು ಎದುರಿಗೇ ನಿಂತಿದ್ದಳು.

"ಹೆಸರು ಹೇಳಿದೇನವ್ವ?"

ದಿವ್ಯಾ ಅತ್ತೆಯ ಕಡೆ ನೋಡಿದಳು. ಕೊಟ್ರಮ್ಮ ಹಿಂದಿನಿಂದ ವಿಭೂತಿಯ ಪೊಟ್ಟಣವೊಂದನ್ನು ಸೊಸೆಯ ಅಂಗೈಗೆ ತುರುಕಿದಳು. ದಿವ್ಯಾ ಅದನ್ನು ಬಿಸಾಡಬಹುದಿತ್ತು. ಬಿಚ್ಚಿದಳು. ಮಗುವಿನ ಹಣೆಗೆ ಹಚ್ಚಿದಳು. "ನಾಲಿಗೆಗೂ ಒಂಚೂರು ಹಾಕವ್ವ," ಎಂದಳು ಪುಟ್ಟಕ್ಕ. ದಿವ್ಯಾ ಹಾಕಿದಳು. ಮಗು ಮುಖ ಕಿವುಚಿತು. ಎಲ್ಲರೂ ನಕ್ಕರು.

ಆ ರಾತ್ರಿಯಿಂದ ಮನೆಯಲ್ಲಿ ಅತ್ತೆ ಸೊಸೆ ಬೇಕಾದಷ್ಟೇ ಮಾತಾಡಿದರು. ಉಪ್ಪು ಎಲ್ಲಿ, ಹಾಲು ಬಂತಾ, ಅಷ್ಟೇ. ರಜೆ ಮುಗಿದ ಮೇಲೆ ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಸನ್ಮಾನ ಮಾಡಿ, ಶಾಲೆಯ ಮುಂದೆ ಫ್ಲೆಕ್ಸ್ ಕಟ್ಟಿಸೋಣ ಎಂದರು. ದಿವ್ಯಾ ಬೇಡವೆಂದಳು. ಫ್ಲೆಕ್ಸಿನ ಮೇಲೆ ಕಾರವಾರ ಎಂದು ಬರೆಸಬೇಕಿತ್ತು. ನಿಂಗಕ್ಕನ ಮೊಮ್ಮಕ್ಕಳು ಅದೇ ಶಾಲೆಗೆ ಬರುತ್ತಿದ್ದರು.

ಇದು ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ಎಲ್ಲರೂ ನುಂಗಿಕೊಂಡು ಇದ್ದುಬಿಡುತ್ತಿದ್ದರು. ಆದರೆ ಒಂದು ಗುರುವಾರ ದಿವ್ಯಾ ಶಾಲೆಯಿಂದ ಮಧ್ಯಾಹ್ನವೇ ಬಂದಾಗ ಪುಟ್ಟಕ್ಕನ ಅಂಗಳದಲ್ಲಿ ಸಹನಾ ಆಡುತ್ತಿದ್ದಳು.

"ಇವತ್ತು ದುರ್ಗಕ್ಕೆ ಹೋಗ್ಲಿಲ್ವಾ ಪುಟ್ಟಕ್ಕ?"

"ಇನ್ಯಾಕವ್ವ? ನೀನು ಅಷ್ಟು ದೂರ ತುಳ್ಕಂಡು ಹೋಗಿ ಮುಟ್ಟಿಸಿ ಬಂದಿಲ್ವಾ? ಸ್ವಾಮಿಗೆ ಕೊಟ್ಟ ಮೇಲೆ ಆಸ್ಪತ್ರೆಗೂ ಓಡಾಡಿದ್ರೆ ನಂಬಿಕೆ ಇಲ್ಲ ಅಂದಂಗಾಗ್ತೈತೆ. ಮೂರು ವಾರದಿಂದ ಬಿಟ್ಟೀನಿ."

"ಮಗು ಏನಾದ್ರೂ ಮಾತಾಡಿತಾ?"

"ಆಡ್ತಾಳೆ. ಸ್ವಲ್ಪ ದಿನ ಹಿಡೀತೈತೆ."

ಅವತ್ತು ಮಧ್ಯಾಹ್ನದ ಊಟಕ್ಕೆ ಬಡಿಸಿ ದಿವ್ಯಾ ತಾನು ಕೂರಲಿಲ್ಲ.

"ಅತ್ತೆ, ಪುಟ್ಟಕ್ಕ ಮಗೂನ ಆಸ್ಪತ್ರೆಗೆ ಕರ್ಕಂಡು ಹೋಗೋದು ಬಿಟ್ಟಾಳೆ."

"ಗೊತ್ತು."

"ಗೊತ್ತಾ?"

"ಅವಳೇ ಹೇಳಿದ್ಲು. ಹೋಗು ಅಂತ ನಾನೂ ಎರಡು ಸಲ ಹೇಳ್ದೆ. ಕೇಳ್ಬೇಕಲ್ಲ."

"ಯಾಕ್ ಹೋಗ್ಬೇಕು ಅಂತ ಹೇಳಿದ್ರಾ?"

ಕೊಟ್ರಮ್ಮ ತಟ್ಟೆ ಸರಿಸಿದಳು. "ನೀನು ಒಂದ್ ದಿನ ಉಳವಿಗೆ ಹೋಗಿದ್ರೆ ಏನಾಗ್ತಿತ್ತು? ಹತ್ರಕ್ಕೇ ಹೋಗಿದ್ದೆ. ಹಟ ಮಾಡ್ದೆ."

"ಹೋಗಿದ್ರೂ ಆಕೆ ಆಸ್ಪತ್ರೆ ಬಿಡ್ತಿದ್ಲು ಅತ್ತೆ."

"ಆವಾಗ ನಮ್ ಮೇಲೆ ಬರ್ತಿರ್ಲಿಲ್ಲ."

"ಲೇ, ಏನ್ ಮಾತಾಡ್ತೀಯ?" ಎಂದ ಜಂಬಣ್ಣ. ಅವನು ಹೆಂಡತಿಗೆ ಮಗ ಸೊಸೆಯ ಮುಂದೆ ಹಾಗೆ ಗದರಿದ್ದು ಕಡಿಮೆ. "ಆ ಕೂಸಿನ ಬಾಯಿಗೆ ಅಂಗಡಿ ಬೂದಿ ಹಾಕೀವಿ ನಾವು. ತಂದೋನು ನಾನು. ಗಿರಣೀಲಿ ಆಕೆ ಬಂದ್ರೆ ತಕ್ಕಡಿ ನೋಡಾಕಾಗಲ್ಲ ನನಗೆ."

"ನಾನೇ ಹೋಗಿ ಹೇಳ್ತೀನಿ," ಎಂದಳು ದಿವ್ಯಾ. "ಹಾಕಿದ ಕೈ ನಂದು."

ಮಲ್ಲೇಶ್ ಬಾಯಿ ತೆರೆದ. "ನಾಳೆ ಹೇಳಿದ್ರಾಗಲ್ವಾ? ಒಂದ್ ಸಲ ಯೋಚ್ನೆ..."

"ನೀವು ಯೋಚ್ನೆ ಮಾಡ್ಕಂತಾ ಇರ್ರಿ."

ಕೊಟ್ರಮ್ಮ ಕೈ ತೊಳೆದು ಎದ್ದಳು. ದೇವರ ಜಗಲಿಯ ಮೇಲಿಂದ ಪುಟ್ಟಕ್ಕನ ಗಂಟು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಲ್ಕು ಜನರ ಮುಂದೆ ಹೇಳಿದ ಬಾಯಿ ನಂದು. ನಾನ್ ಹೇಳ್ತೀನಿ. ನೀನು ಹಿಂದೆ ಬಾ, ಸಾಕು."

ಪುಟ್ಟಕ್ಕ ಅಂಗಳದಲ್ಲಿ ಧರ್ಮಪುರದಿಂದ ಮಗಳು ಕಳಿಸಿದ್ದ ಶೇಂಗಾ ಹರವಿಕೊಂಡು ಜೊಳ್ಳು ಆರಿಸುತ್ತಿದ್ದಳು. "ಬರ್ರಿ ಬರ್ರಿ, ಕುಂತ್ಕಳ್ರಿ. ಏನಕ್ಕ, ಅತ್ತೆ ಸೊಸೆ ಜೋಡಿಯಾಗಿ ಬಂದೀರಿ?" ಎಂದು ಚಾಪೆ ಸರಿಸಿದಳು. ಕೊಟ್ರಮ್ಮ ಕುಳಿತು ಅಭ್ಯಾಸಬಲದಿಂದ ತಾನೂ ಶೇಂಗಾ ಆರಿಸತೊಡಗಿದಳು. ನಾಲ್ಕೈದು ಕಾಯಿ ಆರಿಸಿದ ಮೇಲೆ, ಮುಖ ಎತ್ತದೆ ಹೇಳಿದಳು. ಹರಕೆ ಇರಲಿಲ್ಲ. ದಿವ್ಯಾ ಉಳವಿಗೆ ಹೋಗಿಲ್ಲ. ಕಾರವಾರಕ್ಕೆ ಹೋಗಿದ್ದಳು. ಮುಡುಪಿನ ವಿಷಯ ಹೋಗುವಾಗ ಅವಳಿಗೆ ಗೊತ್ತೇ ಇರಲಿಲ್ಲ.

ಪುಟ್ಟಕ್ಕನ ಕೈ ಶೇಂಗಾದ ಮೇಲೆ ನಿಂತಿತು.

"ಮತ್ತೆ ಮಗು ನಾಲಿಗೆಗೆ ಹಾಕಿದ್ದು?"

ಕೊಟ್ರಮ್ಮ ಇನ್ನೊಂದು ಕಾಯಿ ಆರಿಸಿದಳು.

"ನಿನ್ನೇ ಕೇಳ್ತಿರೋದು ದಿವ್ಯಾ. ಏನ್ ಹಾಕಿದೆ?"

"ಬಸ್ ಸ್ಟ್ಯಾಂಡ್ ಅಂಗಡಿ ವಿಭೂತಿ, ಪುಟ್ಟಕ್ಕ."

"ನಿನಗೆ ಗೊತ್ತಿತ್ತಾ, ಹಾಕುವಾಗ?"

"ಗೊತ್ತಿತ್ತು."

ಪುಟ್ಟಕ್ಕ ಇಬ್ಬರನ್ನೂ ನೋಡಿದಳು. ಬೈಯುತ್ತಾಳೆ, ಬೀದಿ ಸೇರಿಸುತ್ತಾಳೆ ಎಂದು ಕೊಟ್ರಮ್ಮ ಕಾಯ್ದಳು. ಬೈದಿದ್ದರೆ ಒಳ್ಳೆಯದಿತ್ತು. ಪುಟ್ಟಕ್ಕ ಕೈ ಚಾಚಿದಳು, ಕೊಟ್ರಮ್ಮ ಸೊಂಟದಿಂದ ಗಂಟು ತೆಗೆದು ಕೊಟ್ಟಳು. ಪುಟ್ಟಕ್ಕ ಅದನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಿದಳು.

"ಉಳಿದೋರಿಗೂ ಹೇಳ್ತೀನಿ. ಇವತ್ತೇ ಹೇಳ್ತೀನಿ," ಎಂದಳು ಕೊಟ್ರಮ್ಮ.

"ಬ್ಯಾಡ್ರಿ."

"ಹೇಳ್ಬೇಕು ಪುಟ್ಟಕ್ಕ. ನನಗೆ ನಿದ್ದೆ ಬರಲ್ಲ."

"ನಿಮಗೆ ನಿದ್ದೆ ಬರ್ಲಿ ಅಂತ ನನ್ ಮಗಳು ಸಾಯ್ಬೇಕಾ?" ಪುಟ್ಟಕ್ಕನ ದನಿ ಏರಲಿಲ್ಲ. "ಮಾತಿಲ್ಲದ ಕೂಸು ಹೆತ್ತಾಳೆ ಅಂತ ಅವಳ ಅತ್ತೆ ದಿನಾ ಅಂತಿದ್ಲು. ಉಳವಿಗೆ ನಾಲಿಗೆ ಮುಟ್ಟಿಸೀವಿ ಅಂದ ಮೇಲೆ ಬಾಯಿ ಮುಚ್ಚಿದಾಳೆ. ಆ ಹೆಂಗಸಿನ ತಂಗಿ ಮನೆ ಹಿಂದಿನ ಬೀದೀಲೇ ಐತೆ. ನೀವು ಇಲ್ಲಿ ಬಾಯಿಬಿಟ್ರೆ ಸಂಜೆಗೆ ಧರ್ಮಪುರ ಮುಟ್ತೈತೆ. ಯಾರಿಗೂ ಹೇಳ್ಬ್ಯಾಡ್ರಿ. ಹೋಗ್ರಿ."

ಮರಳಿ ಬರುವಾಗ ದಿವ್ಯಾ ಅತ್ತೆಯ ಮುಖ ನೋಡಲಿಲ್ಲ. ಸತ್ಯ ಹೇಳಿದರೆ ಹಗುರವಾಗುತ್ತದೆ ಎಂದು ಅವಳು ಅಂದುಕೊಂಡಿದ್ದಳು.

ಭಾನುವಾರ ಮಲ್ಲೇಶ್ ಯಾರಿಗೂ ಹೇಳದೆ ಉಳಿದ ನಾಲ್ಕು ಗಂಟುಗಳನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಉಳವಿಗೆ ಹೋದ. ನಾಲ್ಕನ್ನೂ ಮುಟ್ಟಿಸಿ, ಒಂದೊಂದು ಹೆಸರನ್ನೂ ಹೇಳಿ, ಮಂಗಳವಾರ ನಿಜವಾದ ಪ್ರಸಾದ ತಂದ. ಅದನ್ನು ಯಾರಿಗೆ ಕೊಡುವುದು? ಅವರೆಲ್ಲರಿಗೂ ಆಗಲೇ ಕೊಟ್ಟಾಗಿತ್ತು. ದಿವ್ಯಾ ಪೊಟ್ಟಣಗಳನ್ನು ನೋಡಿ, "ಹುಬ್ಬಳ್ಳಿಗೆ ಫೋನ್ ಮಾಡೋ ಬದ್ಲು ಅವತ್ತೇ ಒಬ್ರೇ ಹೋಗಿ ಬರಬಹುದಿತ್ತು," ಎಂದಳು. ಮಲ್ಲೇಶ್ ತಲೆ ತಗ್ಗಿಸಿ, "ಹೂಂ. ಹೊಳೀಲಿಲ್ಲ," ಎಂದ.

ಗುರುವಾರ ಬೆಳಿಗ್ಗೆ ಪುಟ್ಟಕ್ಕ ಮಗುವನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಿದ್ದನ್ನು ಕೊಟ್ರಮ್ಮ ಕಿಟಕಿಯಿಂದ ನೋಡಿದಳು. ಬುತ್ತಿ ಕಟ್ಟಿಟ್ಟುಕೊಂಡೇ ಇದ್ದಳು. ಹಿಂದೆಯೇ ಹೋಗಿ ಅದೇ ಬಸ್ಸು ಹತ್ತಿದಳು. ಪುಟ್ಟಕ್ಕ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಿದ್ದಳು, ತೆಗೆಯಲಿಲ್ಲ. ಕೊಟ್ರಮ್ಮ ಎರಡು ಸಾಲು ಹಿಂದೆ ಕುಳಿತಳು. ಹೊಳಲ್ಕೆರೆಯಲ್ಲಿ ಜನ ಹತ್ತಿ ಬಸ್ಸು ತುಂಬಿದಾಗ ಪುಟ್ಟಕ್ಕನ ತಲೆಯೂ ಕಾಣದಾಯಿತು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಪುಸ್ತಕ ತೆರೆದು ನೋಡಿದಳು. "ಮೂರು ವಾರ ತಪ್ಪಿಸಿದ್ದೀರಲ್ಲಮ್ಮ? ತುಟಿ ಸೇರಿಸೋದು ಈಗ ತಾನೇ ಕಲೀತಿದ್ಲು. ಮತ್ತೆ ಮೊದಲಿಂದ ಶುರು ಮಾಡ್ಬೇಕು. ಏನಾಗಿತ್ತು?"

ಪುಟ್ಟಕ್ಕ ನೆಲ ನೋಡಿದಳು.

"ಅವರದ್ದೇನಿಲ್ಲ ಮೇಡಂ," ಎಂದಳು ಬಾಗಿಲಲ್ಲಿ ನಿಂತಿದ್ದ ಕೊಟ್ರಮ್ಮ. "ತಪ್ಪು ನಂದು. ನನ್ನಿಂದ ಆಗಿದ್ದು."

"ನೀವು ಮಗೂಗೆ ಏನಾಗ್ಬೇಕು?"

ಕೊಟ್ರಮ್ಮ ಪುಟ್ಟಕ್ಕನ ಕಡೆ ನೋಡಿದಳು. ಸಹನಾ ಹುಟ್ಟಿದಾಗ ಬಾಣಂತಿಯ ನೀರು ಕಾಯಿಸಿದವಳು ತಾನು, ಮೊದಲ ಸಲ ಅನ್ನ ತಿನ್ನಿಸಿದವಳು ತಾನು. ಅದನ್ನೆಲ್ಲ ಪುಟ್ಟಕ್ಕ ಹೇಳಲಿ ಎಂದು ಕಾಯ್ದಳು.

"ಏನೂ ಆಗಲ್ಲ ಮೇಡಂ," ಎಂದಳು ಪುಟ್ಟಕ್ಕ. "ನಮ್ ಬೀದಿಯೋರು."

"ಹಾಗಾದ್ರೆ ಹೊರಗೆ ಕೂತಿರಿ ಅಮ್ಮ."

ಕೊಟ್ರಮ್ಮ ಹೊರಗೆ ಬಂದಳು. ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಜಾಗ ಬಿಟ್ಟುಕೊಟ್ಟು ಯಾರೋ, "ಕುಂತ್ಕಳ್ರಿ," ಎಂದರು. ಅವಳು ತಲೆಯಾಡಿಸಿ, ಬುತ್ತಿಯ ಚೀಲ ಹಿಡಿದುಕೊಂಡು, ಗೋಡೆಯ ಪಕ್ಕ ನಿಂತೇ ಇದ್ದಳು.